ಎರಡು ಕಾಲಿನ ಖಾಟ

ಫೋನ್ ಬಂದಾಗ ನಾನು ಅವಲಕ್ಕಿ ತೊಳೆದು ಬಸಿಯಲು ಇಟ್ಟಿದ್ದೆ. ಒಲೆಯ ಮೇಲೆ ಒಗ್ಗರಣೆಯ ಎಣ್ಣೆ ಕಾಯುತ್ತಿತ್ತು.

"ಬೇಟಿ, ನಿಮ್ಮ ಮಾಮು ಹೋದ್ರು," ಅಂದರು ಮುಮಾನಿ. "ನಿದ್ದ್ಯಾಗನ ಹೋಗ್ಯಾರ. ಯಾರಿಗೂ ಒಂದ ಮಾತ ಬೈಲಿಲ್ಲ ನೋಡು."

ನಾನು ಒಲೆ ಆರಿಸಿದೆ. ಮಾಮು ನಮ್ಮ ಸೋದರಮಾವನಲ್ಲ, ನಮ್ಮ ಜಾತಿಯವರೂ ಅಲ್ಲ. ನಾವು ಜೈನರು, ಅವರು ಮುಸಲ್ಮಾನರು. ಆದರೆ ನಮ್ಮ ಕಂಪನಿಯ ಅಂಗಳದಲ್ಲಿ ಕ್ರೇನ್ ಡ್ರೈವರ್‌ನಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಅವರನ್ನು ಮಾಮು ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ ಎಲ್ಲರಿಗೂ ಮುಮಾನಿ.

"ಮಧ್ಯಾಹ್ನದ ನಮಾಜ್ ಆದ ಮ್ಯಾಲ ಮಣ್ಣು," ಅಂದರು. ಆಮೇಲೆ, "ತಮ್ಮನ್ನ ಕರಕೊಂಡ ಬಾ. ಒಂದ ಹೆಗಲ ಅವಂದ ಇರ್ಲಿ," ಅಂದರು.

ಅದೇ ಆಗದ ಕೆಲಸವಾಗಿತ್ತು. ನನ್ನ ತಮ್ಮನಿಗೆ ಎಡಗಿವಿ ಕೇಳುವುದಿಲ್ಲ. ಅದನ್ನು ಒಡೆದವರು ಈ ಮಾಮು. ಮಾಮುವಿನ ಎಡಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಆ ಎಲುಬು ಮುರಿದವನು ನನ್ನ ತಮ್ಮ. ಎರಡೂ ಆದದ್ದು ಒಂದೇ ಮಧ್ಯಾಹ್ನ, ಖಾನಾಪುರದ ಆಚೆ ಗುಂಜಿಯಲ್ಲಿ. ಅಂದಿನಿಂದ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಹಿಂಡಲಗಾದಲ್ಲಿ ಶೆಡ್ ಎತ್ತಿಸುತ್ತಿದ್ದ ತಮ್ಮನಿಗೆ ಫೋನ್ ಮಾಡಿದೆ.

"ಹೋದ್ರಾ?" ಅಂದ. "ಅಕ್ಕಾ, ಬಾಡಗಿ ಕ್ರೇನ್ ಬಂದ ನಿಂತೈತಿ. ನೀ ಹೋಗಿ ಬಾ."

"ಮುಮಾನಿ ನಿನ್ನ ಹೆಸರ ಹಿಡದ ಕೇಳ್ಯಾರೋ."

"ಅವರ ಕೇಳಿದ್ದು ಯಾವ ಕಿವಿಗೆ ಹಾಕ್ಕೋಬೇಕು, ನೀನ ಹೇಳು," ಎಂದು ಫೋನ್ ಇಟ್ಟೇಬಿಟ್ಟ.

ಅವಲಕ್ಕಿಯನ್ನು ಮೊಸರಿಗೆ ಕಲಸಿ ಮುಚ್ಚಿಟ್ಟು, ಬಿಳಿ ಸೀರೆ ಹುಡುಕುತ್ತ ಕೂತೆ. ಮಾಮುವನ್ನು ಮೊದಲು ಕಂಡ ದಿನ ನೆನಪಾಯಿತು.

ಬೆಳಗಾವಿಯ ಉದ್ಯಮಬಾಗದಲ್ಲಿ, ಉಕ್ಕಿನ ಶೆಡ್ ಎತ್ತುವ ಕಂಪನಿ ನಮ್ಮದು. ಗೋದಾಮು, ವರ್ಕ್‌ಶಾಪ್, ಟ್ರ್ಯಾಕ್ಟರ್ ಮಾರುವ ಅಂಗಡಿ, ಯಾರಿಗೆ ಏನು ಬೇಕೋ ಅದರ ಕಂಬ, ತೊಲೆ, ತಗಡುಗಳನ್ನು ಅಂಗಳದಲ್ಲೇ ಕತ್ತರಿಸಿ, ತೂತು ಕೊರೆದು, ಬಣ್ಣ ಹಚ್ಚಿ ಲಾರಿಗೆ ಏರಿಸುತ್ತಾರೆ. ಜಾಗಕ್ಕೆ ಒಯ್ದು, ಕ್ರೇನ್‌ನಿಂದ ಎತ್ತಿ, ಬೋಲ್ಟು ಬಿಗಿದರೆ ಕಟ್ಟಡ. ಇಟ್ಟಿಗೆ ಸಿಮೆಂಟಿನವರು ತಿಂಗಳುಗಟ್ಟಲೆ ಹೆಣಗುವುದನ್ನು ಇವರು ವಾರಗಳಲ್ಲಿ ಮುಗಿಸುತ್ತಾರೆ. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳಲು ಸೇರಿದ್ದೆ. ಬೋಲ್ಟು, ಸ್ಕ್ರೂ, ಹಗ್ಗ, ಸೊಂಟದ ಬೆಲ್ಟು ಕೊಡುವುದು, ತಿರುಗಿ ಇಸಿದುಕೊಳ್ಳುವುದು. ಸೇರಿದ ದಿನವೇ ಕಿಟಕಿಯಿಂದ ಬೋಲ್ಟು ಬಿಗಿಯುವ ಮೊಳದುದ್ದದ ಪಾನಾ ಹಾರಿಬಂದು, ನನ್ನ ಕುರ್ಚಿಯ ಪಕ್ಕದ ತಗಡಿನ ರಾಶಿಗೆ ಅಪ್ಪಳಿಸಿತು. ಕಿವಿ ಗುಂಯ್ ಎಂದಿತು. ನಾನು ಮೇಜಿನ ಕೆಳಗೆ ಸೇರಿದ್ದೆ. ಬಾಗಿಲಲ್ಲಿ ಒಂದು ದಪ್ಪ ಮೀಸೆ ಇಣುಕಿತು.

"ಅಕ್ಕಾರ, ನಮ್ಮ ಪಾನಾ ಏನರ ಈ ಕಡೆ ಬಂತೇನ್ರಿ?"

ಮಕ್ಕಳ ಚೆಂಡು ಕೇಳಿದ ಹಾಗೆ ಕೇಳಿದರು. ನಾನು ಮೇಜಿನ ಕೆಳಗಿನಿಂದಲೇ ಬೆರಳು ತೋರಿಸಿದೆ. "ಹೊಸಬರೇನು? ಕಿಡಕಿ ಮುಚ್ಚಿ ಕುಂದರ್ರಿ. ಸೆಕಿ ಆಗತೈತಿ ಖರೇ, ಆದ್ರ ಜೀವ ಉಳೀತೈತಿ," ಎಂದು ಪಾನಾ ಎತ್ತಿಕೊಂಡು ಹೋದರು. ಹೊರಗೆ ಯಾರಿಗೋ, "ಏ ಹಲ್ಕಟ್, ತಪ್ಪಸ್ಕೊಂಡ್ಯಾ? ಬಾ ಇಲ್ಲೆ," ಎಂದು ಮತ್ತೆ ಗುಡುಗು ಶುರುವಾಯಿತು.

ಮೇಸ್ತ್ರಿ ಮಾಮು ಹೊಡೆಯದ ಮನುಷ್ಯ ಆ ಅಂಗಳದಲ್ಲಿ ಯಾರೂ ಇರಲಿಲ್ಲ, ಮಾಲೀಕರೊಬ್ಬರನ್ನು ಬಿಟ್ಟು. ಮಾಲೀಕರ ಕಾರಿಗೆ ಒದ್ದಿದ್ದರು. ವೆಲ್ಡಿಂಗ್ ಸರಿಯಾಗದ ತೊಲೆಗೆ ಹಾತೋಡಿಯಿಂದ ಬಡಿಯುವಾಗ, ತೊಲೆಗೆ ನೋವಾಗಲೆಂದೇ ಬಡಿಯುತ್ತಿದ್ದಾರೆ ಅನಿಸುತ್ತಿತ್ತು. ಒಮ್ಮೆ ಬೆಲ್ಟು ಹಾಕದೆ ಮೇಲೇರಿದ ಹೆಲ್ಪರ್‌ನನ್ನು ಕಂಡು, ನಿಚ್ಚಣಿಕೆಯನ್ನೇ ತೆಗೆದುಬಿಟ್ಟರು. ಅವನು ಮೇಲೆ ತೊಲೆಯನ್ನು ಅವುಚಿ ಕೂತಿದ್ದ. ಇವರು ಕೆಳಗೆ ಅವನದೇ ಡಬ್ಬಿ ಬಿಚ್ಚಿ, ಅವನಿಗೆ ಕಾಣುವ ಹಾಗೆ ಕೂತು ಉಂಡರು. "ಬದನಿಕಾಯಿ ಛಲೋ ಆಗೇತಲೇ! ನಿನ್ನ ಹೇಣ್ತಿ ಕೈಯಾಗ ರುಚಿ ಐತಿ. ಪಾಪ, ರಂಡಿ ಮುಂಡಿ ಆಗಿದ್ರ ಯಾರಿಗಿ ಅಡಗಿ ಮಾಡತಿದ್ಲೋ ಏನೋ!" ಮೇಲಿದ್ದವನು ಅಳುತ್ತಿದ್ದ. ಇಳಿಸಿದ ಮೇಲೆ ಕಪಾಳಕ್ಕೆ ಒಂದು ಬಿತ್ತು. ಅವನೇನೂ ಆಮೇಲೆ ಬೆಲ್ಟಿನ ಭಕ್ತನಾಗಲಿಲ್ಲ. ಮರುವಾರ ಕೆಲಸ ಬಿಟ್ಟು ಹೋದ.

ತಗಡು ಕೈ ಕೊಯ್ಯದ ದಿನವಿರಲಿಲ್ಲ. ನಾನು ಮನೆಯಿಂದ ಅರಿಷಿಣದ ಡಬ್ಬಿ, ಅವ್ವನ ಹಳೆ ಹತ್ತಿ ಸೀರೆಯ ಪಟ್ಟಿಗಳನ್ನು ತಂದು ಇಟ್ಟಿದ್ದೆ. ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವರು ಮಾಮು. ಅವರು ಕೈಗವಸು ಹಾಕುತ್ತಿರಲಿಲ್ಲ. ನಾನು ಪಟ್ಟಿ ಸುತ್ತುವಾಗ ನನ್ನ ಡಬ್ಬಿ ಮೂಸಿ ನೋಡಿ, "ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಇದನ್ನ ತಿಂದ ನಿನ್ನ ತಮ್ಮಗ ಅಷ್ಟ ಸಿಟ್ಟ ಎಲ್ಲಿಂದ ಬರತೈತಿ ಬೇಟಿ?" ಅನ್ನುತ್ತಿದ್ದರು.

"ನಿಮ್ಮಿಂದ ಕಲತಾನ," ಅಂದರೆ ಹೆಮ್ಮೆಯಿಂದ ನಗುತ್ತಿದ್ದರು.

ಅದು ನಿಜವೇ. ತಮ್ಮನನ್ನು ಅಲ್ಲಿಗೆ ಸೇರಿಸಿದವಳು ನಾನು. ಮಾಮು ಅವನನ್ನು ಎಲ್ಲರಿಗಿಂತ ಹೆಚ್ಚು ಹೊಡೆದರು, ಎಲ್ಲರಿಗಿಂತ ಹೆಚ್ಚು ಕಲಿಸಿದರು. ಮೇಲೆ ತೊಲೆಯ ಮೇಲೆ ನಡೆಯುವಾಗ ಅವನು ಹಿತ್ತಲಲ್ಲಿ ಓಡಾಡುವವನಂತೆ ನಡೆಯುತ್ತಿದ್ದ. ಅವ್ವನಿಗೆ ನಾವು ಇದನ್ನು ಹೇಳಿರಲಿಲ್ಲ. ಅವನು ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಾನೆ ಎಂದೇ ಆಕೆ ತಿಳಿದಿದ್ದಳು.

ಮಾಮುವಿನ ಮನೆಗೆ ಮೊದಲ ಸಲ ಹೋದಾಗ ಮುಮಾನಿ ಚಹಾ ಸ್ಟೀಲ್ ಲೋಟದಲ್ಲಿ ಕೊಟ್ಟರು. "ಬಿಸಿ ಹತ್ತತೈತಿ, ಸೆರಗಿಲೆ ಹಿಡಕೋ. ನಮ್ಮ ಮನ್ಯಾಗ ಗಾಜಿಂದ ಏನೂ ಇಲ್ಲ." ಕನ್ನಡಿ ಕೂಡ ಅಂಗೈಯಗಲದ್ದು, ಪೆಟ್ಟಿಗೆಯೊಳಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಮಾಡದ ಮೇಲೆ ಸಾಲಾಗಿ ಜೋಡಿಸಿದ್ದ ತಾಟುಗಳಲ್ಲಿ ತಗ್ಗು ಬೀಳದ್ದು ಒಂದೂ ಇರಲಿಲ್ಲ.

"ನಿಮ್ಮನ್ನೂ ಹೊಡೀತಾರೇನ್ರಿ?" ಎಂದು ಕೇಳಿಬಿಟ್ಟೆ.

"ಮೊದಲ ಹೊಡೀತಿದ್ರು. ಒಂದಿನ ನಾನೂ ಲಟ್ಟಣಗಿ ತಗೊಂಡೆ," ಅಂದರು ಮುಮಾನಿ, ಸಕ್ಕರೆ ಡಬ್ಬಿ ಮುಚ್ಚುತ್ತ. "ಹುಬ್ಬಿನ ಮ್ಯಾಲ ಗಾಯ ಐತೆಲ್ಲ, ಕ್ರೇನಿನ ಕೊಕ್ಕಿ ಬಡೀತು ಅಂತ ಊರಾಗ ಹೇಳ್ಯಾರ. ಅದು ನಂದು."

ಇಷ್ಟೆಲ್ಲ ಸಿಟ್ಟಿನ ನಡುವೆ ಅವರು ಒಂದು ಮಾತಿಗೆ ಮಾತ್ರ ದನಿ ಏರಿಸುತ್ತಿರಲಿಲ್ಲ. ಹೊಸಬರನ್ನು ಸುತ್ತ ಕೂರಿಸಿ, ಎರಡು ಬೆಂಕಿಪೆಟ್ಟಿಗೆಗಳನ್ನು ನಿಲ್ಲಿಸಿ, ಮೇಲೊಂದು ಬೀಡಿ ಅಡ್ಡ ಇಟ್ಟು ತೋರಿಸುತ್ತಿದ್ದರು. ಎರಡು ಕಂಬ, ಮೇಲೊಂದು ತೊಲೆ, ಬಾಗಿಲಿನ ಚೌಕಟ್ಟಿನ ಹಾಗೆ. "ಊದ್ರಿ," ಅನ್ನುವರು. ಯಾರಾದರೂ ಊದಿದರೆ ಬೀಳುತ್ತಿತ್ತು. ಆಮೇಲೆ ಅಂಥ ಎರಡು ಚೌಕಟ್ಟು ನಿಲ್ಲಿಸಿ, ನಡುವೆ ಕಡ್ಡಿಗಳನ್ನು ಕತ್ತರಿಯ ಹಾಗೆ ಅಡ್ಡಹಾಯಿಸಿ ದಾರ ಕಟ್ಟಿ, ಮಂಚದ ಹಾಗೆ ನಿಲ್ಲಿಸುತ್ತಿದ್ದರು. "ಈಗ ಊದ್ರಿ. ಇದು ಖಾಟ. ನಾಕ ಕಾಲಿನ ಖಾಟ. ಶೆಡ್ಡಿನ ನಡುವ ಮೊದಲ ಇದನ್ನ ಮಾಡಬೇಕು. ಆಮ್ಯಾಲ ಇದಕ್ಕ ಆತುಗೊಂಡ ಎರಡೂ ಕಡೆ ಹೋಗಬೇಕು. ಎರಡ ಕಾಲಿನ ಖಾಟದಾಗ ಯಾರ ಮಲಗತಾರಲೇ?"

ಈ ಮಾತಿಗೆ ಅಡ್ಡ ಬರುತ್ತಿದ್ದದ್ದು ಪೂಜೆ. ನಮ್ಮ ಕಡೆ ಯಾವ ಸಾವಕಾರನೂ ಮೊದಲ ಕಂಬವನ್ನು ಮುಹೂರ್ತ ನೋಡದೆ ನಿಲ್ಲಿಸಗೊಡುವುದಿಲ್ಲ. ಅದೂ ಈಶಾನ್ಯ ಮೂಲೆಯಲ್ಲಿ. ಮಾಮು ಪೂಜೆಗೆ ಬೇಡ ಅಂದವರಲ್ಲ. ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬರುತ್ತಿದ್ದರು. ಮೂಲೆಯಲ್ಲಿ ಕಂಬ ಎತ್ತಿಸಿ, ಹಾರ ಹಾಕಿಸಿ, ಕಾಯಿ ಒಡೆಸಿ, ಪ್ರಸಾದದ ಪೇಡೆಯನ್ನು ಎರಡೂ ಕಣ್ಣಿಗೆ ಒತ್ತಿ ತಿನ್ನುತ್ತಿದ್ದರು. ಮನೆಯವರ ಕಾರುಗಳು ತಿರುವು ದಾಟಿದವೋ, ಹಾರವನ್ನು ಮೆಲ್ಲಗೆ ಬಿಚ್ಚಿ ಬದಿಗಿಟ್ಟು ಕಂಬವನ್ನು ನೆಲಕ್ಕೆ ಮಲಗಿಸಿ, ನಡುವಿನಿಂದ ಕೆಲಸ ಹಿಡಿಯುತ್ತಿದ್ದರು. ಮೂಲೆಗೆ ಬಂದಾಗ ಅದೇ ಕಂಬ, ಅದೇ ಹಾರದೊಂದಿಗೆ ಮತ್ತೆ ಏಳುತ್ತಿತ್ತು. ಯಾವ ಸಾವಕಾರನೂ ತಕರಾರು ಎತ್ತಿರಲಿಲ್ಲ.

ಗುಂಜಿಯ ಸಾವಕಾರ ಎತ್ತಿದ. ಕಾಡಿನ ಅಂಚಿಗೆ ಅವನದು ಗೇರುಬೀಜದ ಗೋದಾಮು ಏಳಬೇಕಿತ್ತು. ಆ ಹೊತ್ತಿಗೆ ಮಾಮು ಬೆಳಗಾವಿಯಲ್ಲಿ ಇನ್ನೊಂದು ಶೆಡ್ಡಿನ ತಗಡು ಮುಗಿಸುತ್ತಿದ್ದರು. ನನ್ನ ತಮ್ಮನನ್ನು ಮುಂದೆ ಕಳಿಸಿ, "ಪೂಜಿ ಮುಗಿಸು, ಕಂಬ ಮಲಗಿಸು, ನಡುವಿಂದ ಹಿಡಿ. ನಾ ಬರತೇನಿ," ಅಂದಿದ್ದರು. ಪೂಜೆಗೆ ಸಾವಕಾರನ ತಾಯಿ ಬಂದಿದ್ದರಂತೆ. ಚೆಂಡುಹೂವಿನ ಹಾರವನ್ನು ತಾವೇ ಕಟ್ಟಿ ತಂದಿದ್ದರಂತೆ. ಕಂಬ ಮಲಗಿಸುವ ಮಾತು ಕಿವಿಗೆ ಬಿದ್ದದ್ದೇ, ಸಾವಕಾರ ತಮ್ಮನ ಕೈ ಹಿಡಿದುಕೊಂಡ. ಅವರ ಹಳೆ ಗೋದಾಮು ಕಟ್ಟುವಾಗ ಪೂಜೆಯ ಕಂಬ ಇಳಿಸಿದ್ದರು, ಅದೇ ವರ್ಷ ತಂದೆ ತೀರಿಕೊಂಡರು. "ಈಗ ಅವ್ವ ಒಬ್ಬಾಕಿ ಉಳದಾಳ. ಕೈ ಮುಗೀತೇನಿ, ಇಳಸಬ್ಯಾಡ. ಇಲ್ಲಿಂದನ ಮುಂದ ಕಟ್ಟಕೋತ ಹೋಗು. ಮುಂದಿನ ಶೆಡ್ ನಿನ್ನ ಹೆಸರಿಗೇ ಕೊಡತೇನಿ." ತಮ್ಮ ಒಪ್ಪಿದ. ತನ್ನ ಹೆಸರಿಗೆ ಒಂದು ಶೆಡ್ ಬರಲಿ ಎಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ಮೂಲೆಯಿಂದ ಹಿಡಿದು, ಒಂದರ ಹಿಂದೊಂದು ಚೌಕಟ್ಟು ನಿಲ್ಲಿಸಿಕೊಂಡು ಬಂದ. ಕತ್ತರಿಯ ಹಾಗೆ ಅಡ್ಡಪಟ್ಟಿ ಹಾಕುವ ತೂತುಗಳು ಕಂಪನಿಯಿಂದ ಬರುವಾಗಲೇ ನಡುವಿನ ಕಂಬಗಳಿಗೆ ಮಾತ್ರ ಇರುತ್ತವೆ. ಹೀಗಾಗಿ ಎಲ್ಲವೂ ಹಗ್ಗದ ಮೇಲೆ ನಿಂತಿದ್ದವು.

ಬೋಲ್ಟು ಕಡಿಮೆ ಬಿದ್ದಿವೆ ಎಂದು ಅಲ್ಲಿಂದ ಫೋನ್ ಬಂದಾಗ, ಚೀಲ ಹೊರಿಸಿಕೊಂಡು ನಾನೂ ಮಾಮುವೂ ಟೆಂಪೋದಲ್ಲಿ ಹೋದೆವು. ಅವರಿಗೆ ನಾನು ಚುರುಮುರಿ ಕಟ್ಟಿಕೊಂಡು ಬಂದಿದ್ದೆ. ಖಾನಾಪುರ ದಾಟುವವರೆಗೆ ತಿನ್ನುತ್ತ, ಟೆಂಪೋದವನಿಗೆ ಬೈಯುತ್ತ ಖುಷಿಯಾಗಿದ್ದರು. ಮುಂಗಾರಿಗೆ ಮುಂಚಿನ ದಿನಗಳು. ಸೆಕೆ ಅಂದರೆ ಸೆಕೆ, ಒಂದೆಲೆ ಅಲ್ಲಾಡುತ್ತಿರಲಿಲ್ಲ. ಕಾಡಿನ ಮೇಲೆ ಮುಗಿಲು ಇದ್ದಲಿನ ಬಣ್ಣಕ್ಕೆ ತಿರುಗಿತ್ತು.

ಟೆಂಪೋ ನಿಂತಿತು. ಮಾಮು ಇಳಿದು ಮೇಲೆ ನೋಡಿದರು. ಅವರ ಕೈಯಲ್ಲಿದ್ದ ಚುರುಮುರಿಯ ಕಾಗದ ಕೆಳಗೆ ಬಿತ್ತು.

"ಇಳೀ ಲೇ!" ಎಂದು ಕೂಗಿದರು.

ತಮ್ಮ ತುದಿಯ ಚೌಕಟ್ಟಿನ ನೆತ್ತಿಯ ಮೇಲೆ ಬೋಲ್ಟು ಬಿಗಿಯುತ್ತ ಕೂತಿದ್ದ. ಹೆಲ್ಪರ್‌ಗಳು ಕೆಳಗೆ ಹಗ್ಗ ಹಿಡಿದಿದ್ದರು. ಸಾವಕಾರ ಅಲ್ಲೇ ಕಂಬದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ಇನ್ನ ಎರಡ ಬೋಲ್ಟ್ ಅದಾವ ಮಾಮು."

"ಇಳಿ ಅಂದ್ರ ಇಳೀಬೇಕು, ಭಾಡ್ಯಾ! ಯಾರನ್ನ ಕೇಳಿ ಮೂಲ್ಯಾಗಿಂದ ಹಿಡದಿ?"

ತಮ್ಮ ಸಾವಕಾರನ ಕಡೆ ನೋಡಿದ, ಆಮೇಲೆ ಇವರ ಕಡೆ ನೋಡಿದ. "ಕೆಲಸ ನನ್ನ ಕೈಯಾಗ ಕೊಟ್ಟಾರ. ನೀವ ಚಾ ಕುಡದ ಕುಂದರ್ರಿ."

ಮಾಮು ಬಗ್ಗಿ ಒಂದು ಜಲ್ಲಿಕಲ್ಲು ಎತ್ತಿಕೊಂಡು ಬೀಸಿದರು. ಅದು ತೊಲೆಗೆ ಬಡಿದು ಗಂಟೆಯಂತೆ ಮೊಳಗಿತು. ಇನ್ನೊಂದು, ಮತ್ತೊಂದು. ನಾಯಿಗೆ ಹೊಡೆದ ಹಾಗೆ ಹೊಡೆದರು. ನಾನು ತೋಳು ಹಿಡಿಯಲು ಹೋದರೆ ನನ್ನನ್ನೂ ತಳ್ಳಿದರು. ಒಂದು ಕಲ್ಲು ತಮ್ಮನ ಮೊಣಕಾಲಿಗೆ ಬಿತ್ತು. ಅವನು ಬೆಲ್ಟಿನ ಕೊಕ್ಕೆ ಕಿತ್ತು, ಪಾನಾ ಸೊಂಟಕ್ಕೆ ಸಿಕ್ಕಿಸಿ, ಜಾರುತ್ತ ಇಳಿದು ಬಂದ. ಕಣ್ಣು ಕೆಂಡವಾಗಿತ್ತು. ರಸ್ತೆಯ ಬದಿಗೆ, ಟೆಂಪೋದ ಹತ್ತಿರ ಇಬ್ಬರೂ ಎದುರುಬದುರಾದರು.

ಮಾಮು ಅಂಗೈಯಿಂದ ಅವನ ಎಡಗಿವಿಯ ಮೇಲೆ ಬಾರಿಸಿದರು. ಹಸಿ ಕಟ್ಟಿಗೆ ಸೀಳಿದಂಥ ಸದ್ದು. ತಮ್ಮ ಮಣ್ಣಿಗೆ ಬಿದ್ದ, ಎದ್ದ. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಎದ್ದವನೇ ಸೊಂಟದ ಪಾನಾ ಎಳೆದು ಮಾಮುವಿನ ಹೆಗಲ ಮೇಲೆ ಹೊಡೆದ. ಎಲುಬು ಮುರಿದದ್ದು ನನಗೆ ಕೇಳಿಸಿತು. ಮಾಮು ಕುಸಿದು ಕೂತರೂ ಒಂದೇ ಕೈಯಿಂದ ಅವನ ಕಾಲು ಹಿಡಿದೆಳೆದು ಕೆಡವಿದರು. ಇಬ್ಬರೂ ಮಣ್ಣಲ್ಲಿ ಉರುಳಾಡುತ್ತ, ಕಚ್ಚುತ್ತ, ಒದೆಯುತ್ತ ಇದ್ದರು. ನಾನು ಕಿರುಚಿದೆ. ಹೆಲ್ಪರ್‌ಗಳು ಹಗ್ಗ ಗೂಟಕ್ಕೆ ಸುತ್ತಿ ಓಡಿಬಂದರು. ಸಾವಕಾರ ಕುರ್ಚಿ ಬಿಟ್ಟು ಓಡಿಬಂದ. ಕ್ರೇನಿನವನೂ ಇಳಿದು ಬಂದ. ಎಲ್ಲರೂ ಸೇರಿ ಎಳೆದರೂ ಇಬ್ಬರೂ ಬಿಡಲೊಲ್ಲರು.

ಆಗ ಕಾಡು ಒಮ್ಮೆಲೇ ಮೊರೆಯಿತು. ಗಾಳಿ ಧೂಳನ್ನೆಬ್ಬಿಸಿ ನಮ್ಮನ್ನು ಹಿಡಿದು ಅಲ್ಲಾಡಿಸಿತು. ನಾನು ತಿರುಗಿ ನೋಡಿದಾಗ ತುದಿಯ ಚೌಕಟ್ಟು ನಿಧಾನಕ್ಕೆ, ನಿದ್ದೆ ಬಂದವರ ಹಾಗೆ ವಾಲುತ್ತಿತ್ತು. ಹಗ್ಗಗಳು ಪಟಪಟನೆ ಹರಿದವು. ಅದು ಎರಡನೆಯದರ ಮೇಲೆ, ಎರಡನೆಯದು ಅದರ ಹಿಂದಿನದರ ಮೇಲೆ ಬಿತ್ತು. ಕಡೆಗೆ ಪೂಜೆಯ ಕಂಬ ಬುಡದ ಬೋಲ್ಟುಗಳನ್ನು ಕಿತ್ತುಕೊಂಡೇ ಮಲಗಿತು. ಕಾಲಡಿಯ ನೆಲ ಹಾರಿದಂತಾಯಿತು. ಧೂಳು ಇಳಿದಾಗ ಸಾವಕಾರನ ಕುರ್ಚಿ ಇರಲಿಲ್ಲ. ತೊಲೆಯ ಕೆಳಗೆ ಅದರ ಒಂದು ಕಾಲು ಮಾತ್ರ ಕಾಣುತ್ತಿತ್ತು. ಕಂಬದಲ್ಲಿ ಚೆಂಡುಹೂವಿನ ಹಾರ ಹಾಗೆಯೇ ಇತ್ತು.

ಯಾರಿಗೂ ಏನೂ ಆಗಿರಲಿಲ್ಲ, ಆ ಇಬ್ಬರನ್ನು ಬಿಟ್ಟು.

ಖಾನಾಪುರದ ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದರೆ ಮಾಮು, "ಪಾನಾ ಮ್ಯಾಲಿಂದ ಬಿತ್ರಿ," ಅಂದರು. ತಮ್ಮ, "ಕಾಲ ಜಾರಿ ಬಿದ್ದೇನ್ರಿ," ಅಂದ. ಮನೆಗೆ ಬಂದಾಗ, ಸುದ್ದಿ ಮೊದಲೇ ಮುಟ್ಟಿದ್ದ ಅವ್ವ ಕಿವಿಯ ಪಟ್ಟಿಯನ್ನು ನೋಡಲೂ ಇಲ್ಲ. ಇರುವೆ ಕಾಲಿಗೆ ಸಿಕ್ಕೀತೆಂದು ನೆಲ ಊದಿ ಕೂರುವವಳು ಆಕೆ. "ನೀ ಒಬ್ಬ ಮನಷ್ಯಾನ ಹೊಡದ್ಯಾ?" ಎಂದು ಕೇಳಿದಳು. ಎರಡು ದಿನ ಅನ್ನ ಮುಟ್ಟಲಿಲ್ಲ.

ಅಲ್ಲಿಂದ ನಮ್ಮದೊಂದು ಕಥೆ ಶುರುವಾಯಿತು. ಮಾಮು ಮುಗಿಲು ನೋಡಿದರು, ಗಾಳಿ ಬರುವುದು ಗೊತ್ತಾಯಿತು, ಬಾಯಿಮಾತಿಗೆ ಇಳಿಯದವನನ್ನು ಕಲ್ಲು ಹೊಡೆದು ಇಳಿಸಿದರು, ಜಗಳ ತೆಗೆದು ಎಲ್ಲರನ್ನೂ ಕಂಬದ ಬುಡದಿಂದ ಎಳೆದರು. ಇದನ್ನು ಮೊದಲು ಹೇಳಿದವಳು ನಾನೇ. ಕಣ್ಣಾರೆ ಕಂಡಿದ್ದೆನಲ್ಲ! ಅಂಗಳದವರು ನಂಬಿದರು, ಸಾವಕಾರನೂ ನಂಬಿದ. ನಂಬದವನು ತಮ್ಮ ಒಬ್ಬನೇ; "ಸಿಟ್ಟಿಗೆ ಹೊಡದ್ರು, ಅಷ್ಟ," ಅನ್ನುತ್ತಿದ್ದ. "ನಿನ್ನ ಜೀವ ಉಳಸ್ಯಾರೋ, ಒಮ್ಮೆ ಹೋಗಿ ಮಾತಾಡ್ಸು," ಅಂದಾಗಲೆಲ್ಲ ಎಡಗಿವಿ ನನ್ನ ಕಡೆ ತಿರುಗಿಸಿ ಕೂರುತ್ತಿದ್ದ. ಬೇರೆ ಕಂಪನಿ ಸೇರಿದ, ಅಲ್ಲಿ ಮೇಸ್ತ್ರಿಯಾದ. ಪೂಜೆಯ ಕಂಬವನ್ನು ಮಾತ್ರ ತಪ್ಪದೆ ಮಲಗಿಸುತ್ತಿದ್ದ ಎಂದು ಕೇಳಿದ್ದೆ.

ಈ ಬೇಸಿಗೆಯಲ್ಲಿ ಮಾಮುವಿಗೆ ಉಬ್ಬಸ ಹೆಚ್ಚಾದಾಗ ಗಂಜಿ ಒಯ್ದಿದ್ದೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ಚಮಚೆ ಬಾಯಿಗಿಟ್ಟರೆ ತಳ್ಳಿ, "ಬೇಟಿ, ನೀ ಊರ ತುಂಬಾ ಹೇಳಕೋತ ಅಡ್ಡಾಡತಿ, ನಾ ಅವನ್ನ ಉಳಸಿದೆ ಅಂತ. ಬಂದ್ ಮಾಡದನ್ನ," ಅಂದರು.

"ಖರೇ ಅಲ್ಲೇನ್ರಿ?"

"ಗಾಳಿ ನನಗೆಲ್ಲಿ ಗೊತ್ತಿತ್ತು! ಒಂದೆಲಿ ಅಲಗ್ಯಾಡತಿದ್ದಿಲ್ಲ ಅವತ್ತ. ನನ್ನ ಕೇಳದ ಮೂಲ್ಯಾಗಿಂದ ಹಿಡದಾನ ಅಂತ ಸಿಟ್ಟ ಬಂತು. ಚಾ ಕುಡದ ಕುಂದರ ಅಂದ ನೋಡು, ಮತ್ತೂ ಬಂತು. ಹೊಡದೆ. ಅಷ್ಟ." ಉಸಿರು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. "ಕಿವಿ ಒಡದಾಂವ ನಾ. ಮ್ಯಾಲ ಅವನ ನೆತ್ತಿ ಮ್ಯಾಲ ಉಪಕಾರ ಬ್ಯಾರೆ ಹೊರಸಬ್ಯಾಡ."

ಅವರು ಟೆಂಪೋ ಇಳಿದು ಮೇಲೆ ನೋಡಿದ್ದು ನಿಜ. ಮೇಲೆ ಮುಗಿಲೂ ಇತ್ತು, ನನ್ನ ತಮ್ಮನೂ ಇದ್ದ.

ಅವರು ಬದುಕಿರುವಾಗ ಇದನ್ನು ತಮ್ಮನಿಗೆ ಹೇಳಲಿಲ್ಲ. ಹೇಳಿದರೆ ಇದ್ದ ಒಂದು ಎಳೆಯೂ ಕಡಿದೀತು ಅಂದುಕೊಂಡಿದ್ದೆ.

ಬಿಳಿ ಸೀರೆ ಉಟ್ಟು ಹೋದಾಗ ಮಾಮುವಿನ ಗಲ್ಲಿಯಲ್ಲಿ ಚಪ್ಪಲಿಗಳ ರಾಶಿ. ಒಳಗೆ ಹೆಂಗಸರ ನಡುವೆ ಮುಮಾನಿ ನನ್ನನ್ನು ಕಂಡು, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ನಾನು ಹೊರಗೆ ಬಂದು ಮತ್ತೆ ತಮ್ಮನಿಗೆ ಫೋನ್ ಹಚ್ಚಿದೆ.

"ಮತ್ತ ಅದನ್ನ ಹೇಳಬ್ಯಾಡಕ್ಕಾ. ಜೀವ ಉಳಸ್ಯಾರ, ಉಪಕಾರ ಐತಿ. ಸಾಕಾಗೇತಿ ನನಗ."

"ಇಲ್ಲೋ. ಉಳಸಿಲ್ಲಂತ. ಅವರ ಬಾಯಿಲೇ ಹೇಳ್ಯಾರ. ಗಾಳಿ ಗೊತ್ತ ಇದ್ದಿಲ್ಲಂತ. ನೀ ಚಾ ಕುಡದ ಕುಂದರ ಅಂದಿದ್ದಕ್ಕ ಸಿಟ್ಟ ಬಂದ ಹೊಡದ್ರಂತ. ಅಷ್ಟಂತ."

ಆ ಕಡೆ ಕ್ರೇನಿನ ಸದ್ದು ದೂರವಾಯಿತು; ಅವನು ಫೋನ್ ಹಿಡಿದು ಈಚೆ ಬಂದಿದ್ದ.

"ಹಂಗಂದ್ರಾ? ಖರೇ?"

"ಖರೇನ."

"ನಾನೂ ಅದನ್ನ ಹೇಳಕೋತ ಬಂದಿದ್ದೆ," ಅಂದ. "ಒಬ್ಬರೂ ಕೇಳಲಿಲ್ಲ. ನಾ ಏನ ಹುಚ್ಚ ಆಗೇನೇನೋ ಅನಸಿತ್ತಕ್ಕಾ." ಆಮೇಲೆ ಕ್ರೇನಿನವನಿಗೆ ಏನೋ ಕೂಗಿ ಹೇಳಿ, ನನ್ನನ್ನು ಕೇಳಿದ: "ಮಣ್ಣ ಎಷ್ಟಕ್ಕ?"

ಅವನು ಬಂದಾಗ ಜನ ಸಾಲಾಗಿ ನಿಂತಿದ್ದರು. ಬೈಕು ಗೋಡೆಗೆ ಒರಗಿಸಿ, ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸುತ್ತ, ತಲೆಗೆ ಕರವಸ್ತ್ರ ಕಟ್ಟಿಕೊಂಡ. ಇಬ್ಬರು ಅಳಿಯಂದಿರು ಹೆಣದ ಮಂಚದ ಮುಂದಿನ ಎರಡು ಕಾಲುಗಳಿಗೆ ನಿಂತಿದ್ದರು, ಹಿಂದೆ ನೆರೆಯವರೊಬ್ಬರಿದ್ದರು. ನಾಲ್ಕನೆಯ ಕಾಲಿಗೆ ಇವನು ಹೋಗಿ ಬಗ್ಗಿದ. ಹಿರಿಯರೊಬ್ಬರು ಮೆಲ್ಲನೆ ಎತ್ತುವ ಮಾತು ಹೇಳಿದರು. ಮುಂದಿನವರು ಎತ್ತಿಬಿಟ್ಟರು. ಹಿಂದಿನದು ಇನ್ನೂ ನೆಲದಲ್ಲಿತ್ತು. ಹಿರಿಯರು ಇವನ ಎಡಗಡೆ, ಕೇಳದ ಕಿವಿಯ ಬದಿಗೆ ನಿಂತಿದ್ದರು. ಇವನಿಗೆ ಕೇಳಿಸಿರಲಿಲ್ಲ. ಮಂಚ ವಾಲಿತು, ಹೊದಿಕೆಯ ಹೂಗಳು ಜಾರಿದವು.

"ಏ ಹಲ್ಕಟ್‌ಗಳ್ರಾ!" ಎಂದು ಗುಡುಗಿದ ನನ್ನ ತಮ್ಮ. "ನಾಕೂ ಕಾಲ ಒಂದ ಮಟ್ಟಕ್ಕ ಬರ್ಲಿ ಮೊದಲ! ಎರಡ ಕಾಲಿಲೇ ಎತ್ತಿದ್ರ ಮನಷ್ಯಾ ಹೆಂಗ ಮಲಗಬೇಕಲೇ?"

ಹಿರಿಯರು ಕಣ್ಣು ಕೆಂಪಗೆ ಮಾಡಿ ತಿರುಗಿದರು. ಬಾಗಿಲ ಪರದೆಯ ಹಿಂದೆ ನನ್ನ ಕೈ ಹಿಡಿದು ನಿಂತಿದ್ದ ಮುಮಾನಿ, ಬೆಳಗಿನಿಂದ ಅಳದೆ ಇದ್ದವರು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟರು. ನಗುತ್ತಲೇ ಅಳು ಬಂತು.

"ಬೈಯದ ಹೋದ್ರಲ್ಲ ಅಂತಿದ್ದೆ, ಬೇಟಿ," ಅಂದರು. "ಇವನ ಬಾಯಿಲೆ ಬೈಸೇ ಹೊಂಟ್ರು ನೋಡು."

ಹೊರಗೆ ಮುಂದಿನವರು ಮಂಚವನ್ನು ಮತ್ತೆ ಕೆಳಗಿಳಿಸಿದರು. ತಮ್ಮ ಬಗ್ಗಿ ನಾಲ್ಕೂ ಕಡೆ ನೋಡಿ, ಜಾರಿದ ಹೂವನ್ನು ಎತ್ತಿ ಸರಿಯಾಗಿ ಹಾಕಿ, ತನ್ನ ಹೆಗಲನ್ನು ಕೆಳಗೆ ಕೊಟ್ಟ.

"ಹಾಂ," ಅಂದ. "ಈಗ ಎತ್ರಿ."